ಬಿಡುಗಡೆ ಯಾರಿಗೆ, ಪರಿಹಾರ ಯಾರಿಗೆ?

(ಶಿರಸಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಿಂದ ಬಂದ ಪ್ರಶ್ನೆಗಳನ್ನು ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗುಲಾಮಗಿರಿ ಅಂದ ಕೂಡಲೇ ನಮಗೆ ಹಡಗು, ಸರಪಳಿ, ಚಾಟಿ ನೆನಪಾಗುತ್ತವೆ. ನಾನು ಇವತ್ತು ಅದು ಮುಗಿದ ದಿನದಿಂದ ಮಾತು ಶುರು ಮಾಡುತ್ತೇನೆ. ಗುಲಾಮಗಿರಿ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟಿತು. ಯಾರಿಗೆ ಕೊಟ್ಟಿತು? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ ಗುಲಾಮರ ವಂಶದವರಿಗೆ ಈಗ ಪರಿಹಾರ ಕೊಡಬೇಕೇ ಅಂತ ಅಮೆರಿಕ, ಬ್ರಿಟನ್ನುಗಳಲ್ಲಿ ಇವತ್ತು ನಡೆಯುತ್ತಿರುವ ಜಗಳದ ಬುಡ ಸಿಗುತ್ತದೆ.

ಮೊದಲು ಬ್ರಿಟನ್. ಅಲ್ಲಿನ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾಯ್ದೆ ತಂದಿತು. 1834ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಕೆರಿಬಿಯನ್ ದ್ವೀಪಗಳು, ಮಾರಿಷಸ್, ದಕ್ಷಿಣ ಆಫ್ರಿಕಾದ ಕೇಪ್, ಎಲ್ಲ ಸೇರಿ ಸುಮಾರು 8 ಲಕ್ಷ ಜನ. ಇದಕ್ಕಾಗಿ ಸರ್ಕಾರ 2 ಕೋಟಿ ಪೌಂಡ್ ತೆಗೆದಿಟ್ಟಿತು. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಶೇ 40ರಷ್ಟು ಹಣ ಅದು. ಇದರಲ್ಲಿ ಗುಲಾಮರಾಗಿದ್ದವರಿಗೆ ಸಿಕ್ಕಿದ್ದು ಒಂದು ಬಿಡಿಗಾಸೂ ಇಲ್ಲ. ಪೂರ್ತಿ ಹಣ ಹೋದದ್ದು ಮಾಲೀಕರಿಗೆ, 'ಆಸ್ತಿ' ಕಳೆದುಕೊಂಡ ನಷ್ಟಕ್ಕೆ ಅಂತ.

ಲೆಕ್ಕ ಹೇಗೆ ಹಾಕಿದರು ನೋಡಿ. ಮಾಲೀಕರು ಅರ್ಜಿ ಹಾಕಬೇಕು. ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೆ ಒಂದು ದರ, ಮೇಸ್ತ್ರಿಗಳಿಗೆ ಒಂದು ದರ, ಬಡಗಿ ಕಮ್ಮಾರರಿಗೆ ಒಂದು, ಮನೆಗೆಲಸದವರಿಗೆ ಒಂದು. ಆರು ವರ್ಷದೊಳಗಿನ ಮಕ್ಕಳದ್ದು ಬೇರೆ ಪಟ್ಟಿ. ಮುದುಕರದ್ದು, ದುಡಿಯಲಾಗದವರದ್ದು ಇನ್ನೊಂದು ಪಟ್ಟಿ. 1822ರಿಂದ 1830ರವರೆಗೆ ಆಯಾ ವಸಾಹತಿನಲ್ಲಿ ಗುಲಾಮರು ಎಷ್ಟಕ್ಕೆ ಮಾರಾಟವಾಗಿದ್ದರು ಅನ್ನುವುದರ ಮೇಲೆ ಈ ದರ ಕಟ್ಟಿದರು. ಅರ್ಜಿ ಹಾಕಿದವರೆಲ್ಲ ದೊಡ್ಡ ಜಮೀನ್ದಾರರೇ ಅಂದುಕೊಳ್ಳಬೇಡಿ. ಒಂದಿಬ್ಬರು ಗುಲಾಮರ ದುಡಿಮೆಯ ಮೇಲೆ ಬದುಕಿದ್ದ ವಿಧವೆಯರಿದ್ದರು, ಪಾದ್ರಿಗಳಿದ್ದರು. ಇಂಗ್ಲೆಂಡಿನ ಸಣ್ಣ ಊರಿನಲ್ಲಿ ಕೂತು, ಕಬ್ಬಿನ ಗದ್ದೆಯನ್ನು ಒಮ್ಮೆಯೂ ಕಣ್ಣಿಂದ ನೋಡದವರೂ ಇದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇತಿಹಾಸಕಾರರು ಈ ಅರ್ಜಿಗಳನ್ನೆಲ್ಲ ಜೋಡಿಸಿ 2013ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟರು. ಯಾರು ಬೇಕಾದರೂ ತಮ್ಮ ಮನೆತನದ ಹೆಸರು ಹಾಕಿ ಹುಡುಕಬಹುದು.

ಇನ್ನು ಬಿಡುಗಡೆಯಾದವರ ಗತಿ? ಹೊಲದ ಕೆಲಸದವರು ಇನ್ನೂ ಆರು ವರ್ಷ ಅದೇ ಮಾಲೀಕನ ಹತ್ತಿರ 'ಕೆಲಸ ಕಲಿಯಬೇಕು' ಅಂತ ಕಾಯ್ದೆಯೇ ಹೇಳಿತು. ವಾರಕ್ಕೆ 45 ಗಂಟೆಯವರೆಗೆ, ಕೂಲಿಯಿಲ್ಲದೆ. ತಲೆಮಾರುಗಳಿಂದ ಕಬ್ಬು ಕಡಿದವರಿಗೆ ಕಬ್ಬು ಕಡಿಯುವುದನ್ನು ಯಾರು ಕಲಿಸಬೇಕಿತ್ತು? ಜನ ವಿರೋಧ ಮಾಡಿದ್ದರಿಂದ 1838ರಲ್ಲಿ ಇದು ಅವಧಿಗೆ ಮೊದಲೇ ನಿಂತಿತು. ಅಷ್ಟರಲ್ಲಿ ನಾಲ್ಕು ವರ್ಷದ ಪುಕ್ಕಟೆ ದುಡಿಮೆ ಮಾಲೀಕರಿಗೆ ದಕ್ಕಿಯಾಗಿತ್ತು. ಅಂದರೆ ಬಿಡುಗಡೆಯ ಬೆಲೆಯ ಒಂದು ಪಾಲನ್ನು ಗುಲಾಮರೇ ತಮ್ಮ ಬೆವರಿನಿಂದ ಕಟ್ಟಿದರು.

ಈ 2 ಕೋಟಿಗಾಗಿ ಬ್ರಿಟನ್ ದೊಡ್ಡ ಸಾಲ ಮಾಡಿತು. ಆ ಸಾಲ ತೀರಿದ್ದು 2015ರಲ್ಲಿ. ಬ್ರಿಟನ್ನಿನ ಹಣಕಾಸು ಇಲಾಖೆಯೇ 2018ರ ಫೆಬ್ರುವರಿಯಲ್ಲಿ ಟ್ವಿಟರಿನಲ್ಲಿ ಇದನ್ನು ಹೆಮ್ಮೆಯಿಂದ ಬರೆದುಕೊಂಡಿತು. ಗುಲಾಮರ ಬಿಡುಗಡೆಗೆ ನೀವೆಲ್ಲ ತೆರಿಗೆ ಕಟ್ಟಿದ್ದೀರಿ ಅಂತ. ಜನ ಉಗಿದ ಮೇಲೆ ಅದನ್ನು ಅಳಿಸಿ ಹಾಕಿದರು. 1948ರ ನಂತರ ಜಮೈಕಾದಿಂದ, ಬಾರ್ಬಡೋಸಿನಿಂದ ಬಂದು ಲಂಡನ್ನಿನ ಬಸ್ಸುಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿದವರೂ ತೆರಿಗೆ ಕಟ್ಟಿದ್ದಾರೆ ಅಲ್ವಾ? ತಮ್ಮ ಮುತ್ತಜ್ಜಿಯನ್ನು ಆಸ್ತಿಯಾಗಿ ಇಟ್ಟುಕೊಂಡವರಿಗೆ ಕೊಟ್ಟ ಪರಿಹಾರದ ಸಾಲವನ್ನು ಅವರೂ ತೀರಿಸಿದರು. ನನಗೆ ಇದಕ್ಕಿಂತ ಕ್ರೂರವಾದ ಲೆಕ್ಕ ಗೊತ್ತಿಲ್ಲ.

ಒಂದು ಕುಟುಂಬದ ಕಥೆ ಹೇಳುತ್ತೇನೆ. ಜಾನ್ ಗ್ಲಾಡ್‌ಸ್ಟನ್ ಲಿವರ್‌ಪೂಲಿನ ವ್ಯಾಪಾರಿ. ಈಗ ಗಯಾನಾ ಅನ್ನುವ ದೇಶದಲ್ಲಿ, ಜಮೈಕಾದಲ್ಲಿ ಅವನ ತೋಟಗಳಿದ್ದವು. 1823ರಲ್ಲಿ ಅದೇ ಗಯಾನಾದ ಡೆಮೆರಾರಾದಲ್ಲಿ ಸಾವಿರಾರು ಗುಲಾಮರು ದಂಗೆ ಎದ್ದಾಗ ಅದರ ಮುಂದಾಳುಗಳು ಅವನ ತೋಟದವರೇ. 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ ಅವನಿಗೆ 1 ಲಕ್ಷ ಪೌಂಡಿಗೂ ಜಾಸ್ತಿ ಪರಿಹಾರ ಸಿಕ್ಕಿತು. ಅವನ ಮಗ ವಿಲಿಯಂ ಹೊಸದಾಗಿ ಪಾರ್ಲಿಮೆಂಟಿಗೆ ಬಂದಾಗ ಅಪ್ಪನ ತೋಟದ ಪರವಾಗಿ ಮಾತಾಡಿದ. ಮುಂದೆ ನಾಲ್ಕು ಸಲ ಪ್ರಧಾನಿಯಾದ. ಇಷ್ಟಕ್ಕೇ ಮುಗಿಯಲಿಲ್ಲ. ಗುಲಾಮರು ಕೈ ತಪ್ಪುತ್ತಾರೆ ಅಂತ ಗೊತ್ತಾದ ಕೂಡಲೇ ಈ ಜಾನ್ ಕಲ್ಕತ್ತಕ್ಕೆ ಕಾಗದ ಬರೆದು ಆಳುಗಳನ್ನು ಕೇಳಿದ. 1838ರಲ್ಲಿ ವಿಟ್‌ಬಿ, ಹೆಸ್ಪರಸ್ ಅನ್ನುವ ಎರಡು ಹಡಗುಗಳು ನಮ್ಮ ದೇಶದ ಸುಮಾರು 400 ಜನರನ್ನು ಐದು ವರ್ಷದ ಕರಾರಿನ ಮೇಲೆ ಅವನ ಮತ್ತು ಅಲ್ಲಿನ ಬೇರೆಯವರ ತೋಟಗಳಿಗೆ ತಂದು ಇಳಿಸಿದವು. ಗಯಾನಾದಲ್ಲಿ ಇವತ್ತು ಭಾರತ ಮೂಲದವರು ಅಷ್ಟೊಂದು ಇರುವುದು ಇಲ್ಲಿಂದ ಶುರುವಾಯಿತು. 2023ರ ಆಗಸ್ಟಿನಲ್ಲಿ ಗ್ಲಾಡ್‌ಸ್ಟನ್ ಮನೆತನದವರು ಗಯಾನಾಕ್ಕೇ ಹೋಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡದೇ. ಆದರೆ ಗಂಟು ಎಲ್ಲಿಗೆ ಹೋಯಿತು, ಯಾವ ಯಾವ ಮನೆ, ರೈಲು ಕಂಪನಿ, ಓದು, ಪದವಿಯಾಗಿ ಬೆಳೆಯಿತು ಅನ್ನುವುದು ಕ್ಷಮೆಯೊಳಗೆ ಬರುವುದಿಲ್ಲ.

ಇಲ್ಲಿಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೈ ಎತ್ತಿದ. "ಸರ್, ತಾತ ಮಾಡಿದ್ದಕ್ಕೆ ಮೊಮ್ಮಗ ಯಾಕೆ ದಂಡ ಕಟ್ಟಬೇಕು?"

ಪ್ರಾಮಾಣಿಕ ಪ್ರಶ್ನೆ. ಅಲ್ಲಿನ ಬಿಳಿಯರಲ್ಲೂ ಹೆಚ್ಚಿನವರು ಇದನ್ನೇ ಕೇಳುತ್ತಾರೆ. ನಮ್ಮ ಕಡೆ ಅಪ್ಪ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಆಗುತ್ತದೆ. ಆ ಜಮೀನಿನ ಮೇಲೆ ಸೊಸೈಟಿ ಸಾಲ ಇದ್ದರೆ ಅದೂ ಪಹಣಿಯಲ್ಲಿ ಬರುತ್ತದೆ. ಜಮೀನು ನನ್ನದು, ಸಾಲ ಮಾತ್ರ ಅಪ್ಪನದು ಅಂದರೆ ಯಾರೂ ಒಪ್ಪುವುದಿಲ್ಲ. ಮೊಮ್ಮಗ ಪಾಪ ಮಾಡಿದ್ದಾನೆ ಅಂತ ಯಾರೂ ಹೇಳುತ್ತಿಲ್ಲ. ಅವನ ಕೈಯಲ್ಲಿರುವ ಆಸ್ತಿಯ ಮೇಲೆ ಒಂದು ಬಾಕಿ ಇದೆ ಅಂತ ಹೇಳುತ್ತಿದ್ದಾರೆ. ಅದೂ ಹೆಚ್ಚಾಗಿ ಸರ್ಕಾರದ ಬಾಕಿ. ಸರ್ಕಾರಕ್ಕೆ ಸಾವಿಲ್ಲ. 1835ರಲ್ಲಿ ಸಾಲ ಮಾಡಿದ ಅದೇ ಸರ್ಕಾರ 2015ರವರೆಗೆ ಅದನ್ನು ನೆನಪಿಟ್ಟು ತೀರಿಸಿತಲ್ಲ!

ಈಗ ಅಮೆರಿಕಕ್ಕೆ ಬರುತ್ತೇನೆ. ಅಲ್ಲಿ 1862ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡಿಸಿದಾಗ ಮಾಲೀಕರಿಗೆ ತಲೆಗೆ 300 ಡಾಲರಿನವರೆಗೆ ಕೊಟ್ಟರು. ಅದು ಸಣ್ಣ ಪ್ರಕರಣ. ದೊಡ್ಡ ಪ್ರಶ್ನೆ ಬಂದದ್ದು, ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗ ಹೊರಟ ದಕ್ಷಿಣದ ರಾಜ್ಯಗಳ ಜೊತೆಗಿನ ಅಂತರ್ಯುದ್ಧ ಮುಗಿಯುವ ಹೊತ್ತಿಗೆ. ಸುಮಾರು 40 ಲಕ್ಷ ಜನ ಬಿಡುಗಡೆಯಾಗಿದ್ದಾರೆ. ಮೈಮೇಲಿನ ಬಟ್ಟೆ ಬಿಟ್ಟರೆ ಏನೂ ಇಲ್ಲ. ಅವರಿಗೆ ಏನು ಬೇಕು?

ಅವರನ್ನೇ ಕೇಳಿದರು. ಇದು ಆ ಇತಿಹಾಸದಲ್ಲಿ ಅಪರೂಪದ ಗಳಿಗೆ. 1865ರ ಜನವರಿ 12ರಂದು ಜಾರ್ಜಿಯಾದ ಸವಾನ್ನಾದಲ್ಲಿ ಸರ್ಕಾರದ ಸೈನ್ಯದ ಜನರಲ್ ಶರ್ಮನ್ 20 ಜನ ಕಪ್ಪು ಪಾದ್ರಿಗಳನ್ನು ಕರೆಸಿದ. ಅವರ ಪರವಾಗಿ ಗ್ಯಾರಿಸನ್ ಫ್ರೇಜಿಯರ್ ಅನ್ನುವ ಹಿರಿಯರು ಮಾತಾಡಿದರು. ನಮಗೆ ನೆಲ ಬೇಕು, ನಮ್ಮ ದುಡಿಮೆಯಿಂದಲೇ ಅದನ್ನು ಉತ್ತು ಬಾಳುತ್ತೇವೆ ಅಂದರು. ನಾಲ್ಕು ದಿನಕ್ಕೆ ಆದೇಶ ಬಂತು. ಸೌತ್ ಕೆರೊಲಿನಾದಿಂದ ಫ್ಲಾರಿಡಾದವರೆಗಿನ ಕಡಲ ತೀರದ ಜಮೀನು, ಕುಟುಂಬಕ್ಕೆ 40 ಎಕರೆಯವರೆಗೆ. ಸುಮಾರು 40,000 ಜನ ಅಲ್ಲಿ ಹೋಗಿ ನೆಲೆಸಿದರು, ಬಿತ್ತಿದರು. ಏಪ್ರಿಲಿನಲ್ಲಿ ಲಿಂಕನ್ ಕೊಲೆಯಾಯಿತು. ನಂತರ ಅಧ್ಯಕ್ಷನಾಗಿ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಜಮೀನನ್ನು ಹಳೆಯ ಮಾಲೀಕರಿಗೆ ವಾಪಸ್ ಕೊಡಿಸಿದ. ದೇಶದ ವಿರುದ್ಧ ಬಂದೂಕು ಹಿಡಿದವರಿಗೆ!

ಈ ಸುದ್ದಿ ಹೇಳಲು ಅಕ್ಟೋಬರಿನಲ್ಲಿ, ಬಿಡುಗಡೆಯಾದವರ ನೆರವಿನ ಸರ್ಕಾರಿ ಇಲಾಖೆಯ ಮುಖ್ಯಸ್ಥ ಜನರಲ್ ಹೊವರ್ಡ್, ಸೌತ್ ಕೆರೊಲಿನಾದ ಎಡಿಸ್ಟೊ ದ್ವೀಪಕ್ಕೆ ಹೋದ. ಒಳ್ಳೆಯ ಮನುಷ್ಯ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ. ಚರ್ಚಿನಲ್ಲಿ ಸೇರಿದ್ದ ಜನಕ್ಕೆ ಹಳೆಯ ಮಾಲೀಕರನ್ನು ಕ್ಷಮಿಸಿ, ಅವರ ಜೊತೆ ಕರಾರು ಮಾಡಿಕೊಂಡು ದುಡಿಯಿರಿ ಅಂದ. ಆ ಜನ ಮೂವರ ಸಮಿತಿ ಮಾಡಿ ಅವನಿಗೊಂದು ಉತ್ತರ ಬರೆದರು. ಅದರ ಸಾರ ಇದು: ಮಾಲೀಕರನ್ನು ಕ್ಷಮಿಸಿ ಅನ್ನುತ್ತೀರಿ. ನೀವು ಕಳೆದುಕೊಂಡದ್ದು ಬಲಗೈ ಮಾತ್ರ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬೆತ್ತಲೆ ಮಾಡಿ ಹೊಡೆದವನು, ತನ್ನ ಹೊಲದಲ್ಲಿ ದುಡಿದರೆ ಮಾತ್ರ ಖಾಲಿ ಗುಡಿಸಲಲ್ಲಿ ಇರಬಹುದು ಅನ್ನುವವನು, ನನಗೆ ನೆಲ ಸಿಗದಂತೆ ಬೇರೆಯವರ ಜೊತೆ ಕೈ ಸೇರಿಸುವವನು, ಅಂಥವನನ್ನು ನಾನು ಹೇಗೆ ಕ್ಷಮಿಸಲಿ?

ಗುಲಾಮರಿಗೆ ಅಕ್ಷರ ಕಲಿಸಿದರೆ ಶಿಕ್ಷೆ ಅನ್ನುವ ಕಾನೂನಿನ ಕೆಳಗೆ ಬೆಳೆದ ಜನ ಬರೆದ ಕಾಗದ ಇದು. ಏಟನ್ನು ನೆನೆದವರು ಏಟಿಗೇ ನಿಲ್ಲಲಿಲ್ಲ. ನೆಲ ತಪ್ಪಿಸುವುದನ್ನೂ ಅದೇ ವಾಕ್ಯದಲ್ಲಿ ಸೇರಿಸಿದರು. ಬಣ್ಣದ ದ್ವೇಷ ಬೇರೆ, ಹೊಟ್ಟೆಪಾಡು ಬೇರೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಇವತ್ತಿನ ದೊಡ್ಡ ವಿದ್ವಾಂಸರು ಇವೆರಡನ್ನೂ ಬಿಡಿಸಿಟ್ಟು 'ಜನಾಂಗವೋ ವರ್ಗವೋ' ಅಂತ ವಾದ ಮಾಡುವಾಗ ನನಗೆ ಎಡಿಸ್ಟೊದ ಈ ಜನ ಹೆಚ್ಚು ತಿಳಿದವರು ಅನ್ನಿಸುತ್ತದೆ.

ನೆಲ ಸಿಗದ ಮೇಲೆ ಪಾಲಿಗೆ ದುಡಿಯುವುದು ಬಂತು. ಬೀಜ, ಎತ್ತು, ಹಿಟ್ಟು ಎಲ್ಲ ಮಾಲೀಕನ ಅಂಗಡಿಯಿಂದ ಸಾಲ. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಬಾಕಿ ಉಳಿದೇ ಇರುತ್ತಿತ್ತು. ಜೀತ ಏನು ಅಂತ ಕರ್ನಾಟಕದವರಿಗೆ ನಾನು ವಿವರಿಸಬೇಕಿಲ್ಲ.

"ಅದೆಲ್ಲ ಹಳೆಯ ಕಾಲದ್ದು" ಅನ್ನುವವರಿಗೆ ಇಪ್ಪತ್ತನೇ ಶತಮಾನ ತೋರಿಸಬೇಕು. ಅಮೆರಿಕದ ಮಧ್ಯಮ ವರ್ಗ ಸುಮ್ನೆ ಬೆಳೆಯಲಿಲ್ಲ, ಸರ್ಕಾರ ಕೈ ಹಿಡಿದು ಬೆಳೆಸಿತು. 1862ರ ಕಾಯ್ದೆಯಡಿ ಪಶ್ಚಿಮದಲ್ಲಿ 160 ಎಕರೆ ಜಮೀನು ಹಂಚಿದರು. ಅದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ, ಹೆಚ್ಚಿನದು ಹೋದದ್ದು ಬಿಳಿಯರಿಗೆ. 1935ರಲ್ಲಿ ವೃದ್ಧಾಪ್ಯ ಪಿಂಚಣಿ ತಂದರು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಅದೇ ಎರಡು ಕೆಲಸ. ಅದೇ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ಊರೂರಿನ ನಕ್ಷೆ ಮಾಡಿ ಬಡಾವಣೆಗಳಿಗೆ ಬಣ್ಣ ಹಚ್ಚಿತು. ಕಪ್ಪು ಜನ ಇದ್ದ ಕಡೆ ಕೆಂಪು. ಅಂಥ ಕಡೆ ಸಾಲಕ್ಕೆ ಖಾತರಿ ಸಿಗುವುದು ಕಷ್ಟ.

ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಮನೆ, ಓದು, ವ್ಯಾಪಾರಕ್ಕೆ ನೆರವು ಅಂತ 1944ರಲ್ಲಿ ಕಾಯ್ದೆ ಬಂತು. ಮಿಸಿಸಿಪ್ಪಿಯ 13 ಪಟ್ಟಣಗಳಲ್ಲಿ 1947ರಲ್ಲಿ ಹೀಗೆ ಸರ್ಕಾರದ ಖಾತರಿಯ ಮೇಲೆ 3,229 ಸಾಲ ಕೊಟ್ಟರು. ಕಪ್ಪು ಸೈನಿಕರಿಗೆ ಸಿಕ್ಕಿದ್ದು 2. ಆ ರಾಜ್ಯದ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಪ್ಪು ಜನ ಆಗ. ಒಂದೇ ಯುದ್ಧ, ಒಂದೇ ಸಮವಸ್ತ್ರ. ಒಬ್ಬನ ಮಕ್ಕಳಿಗೆ ಮನೆ ಉಳಿಯಿತು, ಇನ್ನೊಬ್ಬನ ಮಕ್ಕಳಿಗೆ ಬಾಡಿಗೆ ಚೀಟಿ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆ ನೋಡಿ. ನಡುಮಟ್ಟದ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಸಂಬಳದಲ್ಲಿರುವ ಅಂತರಕ್ಕಿಂತ ಆಸ್ತಿಯಲ್ಲಿರುವ ಅಂತರ ಬಹಳ ದೊಡ್ಡದು. ಸಂಬಳ ಇವತ್ತಿನದು, ಆಸ್ತಿ ಅಜ್ಜನ ಕಾಲದಿಂದ ಬಂದದ್ದು.

ಪರಿಹಾರ ಕೊಟ್ಟರೆ ಏನಾಗುತ್ತಿತ್ತು ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಇದೆ. ಹೆನ್ರಿಯೆಟ್ಟಾ ವುಡ್. ಸಿನ್ಸಿನಾಟಿಯಲ್ಲಿ ಕಾನೂನಿನ ಪ್ರಕಾರವೇ ಬಿಡುಗಡೆ ಪಡೆದಿದ್ದ ಹೆಂಗಸು. 1853ರಲ್ಲಿ ಅವಳನ್ನು ಮೋಸದಿಂದ ನದಿ ದಾಟಿಸಿ, ಅಪಹರಿಸಿ ಮತ್ತೆ ಮಾರಿದರು. ಮಿಸಿಸಿಪ್ಪಿಯ ಹತ್ತಿ ಹೊಲ, ಆಮೇಲೆ ಟೆಕ್ಸಸ್. ಹಿಂದಿರುಗಿ ಬರಲು ಅವಳಿಗೆ ಯುದ್ಧ ಮುಗಿಯಬೇಕಾಯಿತು. ಬಂದವಳು ಸುಮ್ಮನೆ ಕೂರಲಿಲ್ಲ. 1870ರಲ್ಲಿ ತನ್ನನ್ನು ಅಪಹರಿಸಿದ ಜೆಬುಲನ್ ವಾರ್ಡ್ ಮೇಲೆ 20,000 ಡಾಲರಿಗೆ ದಾವೆ ಹೂಡಿದಳು. ಎಂಟು ವರ್ಷ ಕೇಸು ನಡೆದು 1878ರಲ್ಲಿ ಕೋರ್ಟು 2,500 ಡಾಲರ್ ಕೊಡಿಸಿತು. ಬಿಳಿ ಜನರೇ ತುಂಬಿದ್ದ ಜ್ಯೂರಿ. ಕೇಳಿದ್ದಕ್ಕೆ ಹೋಲಿಸಿದರೆ ಕಡಿಮೆ ಹಣ. ಆದರೂ ಗುಲಾಮಗಿರಿಗೆ ಅಮೆರಿಕದ ಕೋರ್ಟು ಕೊಡಿಸಿದ ಪರಿಹಾರಗಳಲ್ಲಿ ನಮಗೆ ತಿಳಿದಂತೆ ಅದೇ ದೊಡ್ಡದು. ಅವಳ ಮಗ ಆರ್ಥರ್ ಶಿಕಾಗೋದಲ್ಲಿ ಮನೆ ಮಾಡಿದ, ಕಾನೂನು ಓದಿದ, ವಕೀಲನಾದ. ಒಂದು ಮನೆಗೆ ಸಿಕ್ಕ ಅಷ್ಟು ಹಣ ಒಂದು ತಲೆಮಾರನ್ನು ಎತ್ತಿ ನಿಲ್ಲಿಸಿತು. 40 ಲಕ್ಷ ಜನರ ಮನೆಗಳನ್ನು ನೆನೆಸಿಕೊಳ್ಳಿ.

ಹಿಂದಿನ ಸಾಲಿನಿಂದ ಅಧ್ಯಾಪಕರೊಬ್ಬರು ಕೇಳಿದರು: "ಹಾಗಾದರೆ ಬಡ ಬಿಳಿಯರ ಕಥೆ ಏನು? ಕಲ್ಲಿದ್ದಲ ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡವನಿಗೆ ನೀನು ಸವಲತ್ತಿನವನು ಅಂದರೆ ಅವನಿಗೆ ಹೇಗಾಗಬೇಡ?"

ನಿಜ, ಅವನಿಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಅಮೆರಿಕದ ಕಲ್ಲಿದ್ದಲ ಸೀಮೆಯಾದ ಅಪ್ಪಲೇಚಿಯಾದ ಬೆಟ್ಟಗಳಲ್ಲಿ ಬಡತನ ಎಷ್ಟಿದೆ ಅಂತ ನೋಡಿದವರು 'ಸವಲತ್ತು' ಅನ್ನುವ ಮಾತನ್ನು ಎಲ್ಲರ ಮುಖಕ್ಕೆ ಎಸೆಯುವುದಿಲ್ಲ. ಬಿಳಿಯನಾಗಿದ್ದರೆ ಬದುಕು ಸುಖ ಅಂತ ಅದರ ಅರ್ಥವಲ್ಲ. ಬಣ್ಣದ ಕಾರಣಕ್ಕೆ ಒಂದು ಕಷ್ಟ ಅವನ ಹೆಗಲಿಗೆ ಬೀಳಲಿಲ್ಲ, ಅಷ್ಟೇ. ಉಳಿದ ಕಷ್ಟಗಳೆಲ್ಲ ಬಿದ್ದಿರಬಹುದು. ಕಪ್ಪು ಚಿಂತಕ ಡುಬಾಯ್ಸ್ 1935ರಲ್ಲೇ ಹೇಳಿದರು: ದಕ್ಷಿಣದ ಬಡ ಬಿಳಿಯನಿಗೆ ಕೂಲಿ ಕಡಿಮೆ ಸಿಕ್ಕಿತು, ಅದರ ಬದಲಿಗೆ 'ನೀನು ಅವರಿಗಿಂತ ಮೇಲು' ಅನ್ನುವ ಗೌರವದ ಕೂಲಿ ಸಿಕ್ಕಿತು. ಹೊಟ್ಟೆ ತುಂಬದ ಕೂಲಿ. ಮೂಗಿಗೆ ತುಪ್ಪ ಸವರುವುದು ಅಂತ ನಾವು ಅನ್ನುವುದು ಇದನ್ನೇ.

ಅದಕ್ಕೆ ಅವನು ಕೊಟ್ಟ ಬೆಲೆಯನ್ನೂ ನೋಡಿ. ಕಪ್ಪು ಜನ ಮತ ಹಾಕಬಾರದು ಅಂತ ಅಲಬಾಮಾ 1901ರಲ್ಲಿ ಮತದ ಮೇಲೆ ತೆರಿಗೆ ಹಾಕಿತು. ವರ್ಷಕ್ಕೆ ಒಂದೂವರೆ ಡಾಲರ್, ಕಟ್ಟದಿದ್ದರೆ ಬಾಕಿ ಸೇರುತ್ತಾ ಹೋಗುತ್ತದೆ. ಬಡ ಬಿಳಿಯರೂ ಲಕ್ಷಗಟ್ಟಲೆ ಮತ ಕಳೆದುಕೊಂಡರು. ಅದೇ ರಾಜ್ಯದ ಮಾಂಟ್‌ಗಮರಿಯಲ್ಲಿ ಓಕ್ ಪಾರ್ಕ್ ಅನ್ನುವ ಸಾರ್ವಜನಿಕ ಉದ್ಯಾನ, ಅದರಲ್ಲೊಂದು ಈಜುಕೊಳ, ಬಿಳಿಯರಿಗೆ ಮಾತ್ರ. ಕಪ್ಪು ನಿವಾಸಿಗಳು ಕೋರ್ಟಿಗೆ ಹೋದರು. ಎಲ್ಲರನ್ನೂ ಬಿಡಬೇಕಾಗುತ್ತದೆ ಅಂತ ಗೊತ್ತಾದಾಗ ನಗರಸಭೆ 1959ರ ಜನವರಿ 1ರಿಂದ ಊರಿನ ಎಲ್ಲ ಉದ್ಯಾನಗಳನ್ನೂ ಮುಚ್ಚಿತು. ಕೊಳಕ್ಕೆ ಮಣ್ಣು ತುಂಬಿಸಿದರು. ಮೃಗಾಲಯದ ಪ್ರಾಣಿಗಳನ್ನೂ ಮಾರಿದರು. ದುಡ್ಡಿದ್ದ ಬಿಳಿಯರು ಮನೆಯ ಹಿತ್ತಲಲ್ಲಿ, ಖಾಸಗಿ ಕ್ಲಬ್ಬಿನಲ್ಲಿ ಕೊಳ ಮಾಡಿಕೊಂಡರು. ಬಡ ಬಿಳಿಯನ ಮಗು ಬೇಸಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಕಪ್ಪು ಮಗುವಿಗೆ ಬಾಗಿಲು ಹಾಕಲು ಹೋಗಿ ತಮ್ಮ ಮಗುವಿಗೂ ಹಾಕಿದರು. ಸರ್ಕಾರಿ ಆಸ್ಪತ್ರೆ, ಸರ್ಕಾರಿ ಶಾಲೆಗಳ ವಿಷಯದಲ್ಲೂ ಅಮೆರಿಕದ ರಾಜಕೀಯದಲ್ಲಿ ಎಷ್ಟೋ ಸಲ ಹೀಗೇ ಆಗಿದೆ. 'ಅವರಿಗೂ' ಸಿಗುತ್ತದೆ ಅಂತ ತಮಗೂ ಬೇಡ ಅಂದಿದ್ದಾರೆ.

ಎಲ್ಲ ಬಡವರಿಗೂ ಒಟ್ಟಿಗೆ ಕೊಟ್ಟರೆ ಸಾಲದೇ, ಜನಾಂಗದ ಮಾತು ಯಾಕೆ ಅನ್ನುವವರಲ್ಲಿ ಕಪ್ಪು ಚಿಂತಕರೂ ಇದ್ದಾರೆ. ಅಡಾಲ್ಫ್ ರೀಡ್ ಅವರಲ್ಲಿ ಒಬ್ಬರು. ಅವರ ಮಾತಿನಲ್ಲಿ ತೂಕವಿದೆ. ಪರಿಹಾರದ ಕೂಗು ಬಡ ಬಿಳಿಯರನ್ನು ದೂರ ಮಾಡಿದರೆ ಗೆಲ್ಲುವುದು ಯಾರು? ಆದರೆ 1935, 1944ರ ಯೋಜನೆಗಳೂ ಕಾಗದದ ಮೇಲೆ ಬಣ್ಣದ ಹೆಸರು ಎತ್ತಿರಲಿಲ್ಲ. ಹಂಚುವ ಕೈ ಯಾರದು ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಹಾಗಾಗಿ ನನಗೆ ಎರಡೂ ಬೇಕು ಅನ್ನಿಸುತ್ತದೆ. 1963ರ ವಾಷಿಂಗ್ಟನ್ ಜಾಥಾದ ಪೂರ್ತಿ ಹೆಸರಲ್ಲಿ ಸ್ವಾತಂತ್ರ್ಯದ ಜೊತೆ ಉದ್ಯೋಗವೂ ಇತ್ತು. ಅಲ್ಲಿ ಸೇರಿದವರ ಬೇಡಿಕೆಗಳಲ್ಲಿ ಗಂಟೆಗೆ 2 ಡಾಲರ್ ಕನಿಷ್ಠ ಕೂಲಿ ಅನ್ನುವುದೂ ಒಂದು. ಅದು ಬಿಳಿ ಕೂಲಿಗೂ ಸೇರಿದ್ದು.

ಕೊಡುವುದು ಆಗದ ಮಾತು ಅಂತ ಮಾತ್ರ ಹೇಳಬೇಡಿ. ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಿದ ಜಪಾನಿ ಅಮೆರಿಕನ್ನರಲ್ಲಿ ಬದುಕಿ ಉಳಿದಿದ್ದವರಿಗೆ ಅದೇ ಅಮೆರಿಕ 1988ರ ಕಾಯ್ದೆಯಡಿ ತಲಾ 20,000 ಡಾಲರ್ ಕೊಟ್ಟಿತು, ಕ್ಷಮೆಯನ್ನೂ ಕೇಳಿತು. ಮರುವರ್ಷ ಜಾನ್ ಕಾನ್ಯರ್ಸ್ ಅನ್ನುವ ಕಪ್ಪು ಸಂಸದರು ಗುಲಾಮಗಿರಿಯ ಪರಿಹಾರದ ಬಗ್ಗೆ ಅಧ್ಯಯನ ಸಮಿತಿ ಮಾಡಿ ಅಂತ ಮಸೂದೆ ತಂದರು. ಬರೀ ಅಧ್ಯಯನಕ್ಕೆ! ಅದಿನ್ನೂ ಪಾಸಾಗಿಲ್ಲ.

ಕೊನೆಗೆ ಒಬ್ಬರು ತಾಯಿ ಎದ್ದು ನಿಂತರು. ಮಗ ಅಮೆರಿಕದಲ್ಲಿದ್ದಾನಂತೆ. "ನಾವು ಯಾರನ್ನೂ ಗುಲಾಮರು ಮಾಡಿಲ್ಲ, ನಮಗೆ ಯಾಕಪ್ಪ ಈ ಗೊಡವೆ?"

ಅಮ್ಮಾ, 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿಯ ಪೌರತ್ವದ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಅವರು ಅಲ್ಲಿನ ಸೈನ್ಯದಲ್ಲಿ ಕೆಲಸ ಮಾಡಿದವರು. ಆಗ ವಲಸೆ ಬಂದವರಲ್ಲಿ ಪೌರತ್ವ ಬಿಳಿಯರಿಗೆ, ಆಫ್ರಿಕಾ ಮೂಲದವರಿಗೆ ಮಾತ್ರ. ನಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯರ ಲೆಕ್ಕ ಅಂತ ವಾದಿಸಿದರು. ಸೋತರು. ಮೊದಲೇ ಪೌರತ್ವ ಪಡೆದಿದ್ದ ಬೇರೆ ಭಾರತೀಯರೂ ಅದನ್ನು ಕಳೆದುಕೊಂಡರು. ಮೇಲಿನವರ ಪಂಕ್ತಿಯಲ್ಲಿ ಜಾಗ ಕೇಳುವ ದಾರಿ ಅಲ್ಲಿ ಮುಚ್ಚಿತು. ನಮ್ಮವರಿಗೆ ಬಾಗಿಲು ದೊಡ್ಡದಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ, ಅದೇ ವರ್ಷ ಮತದಾನದ ಹಕ್ಕಿನ ಕಾಯ್ದೆ. ಕಪ್ಪು ಜನ ಸೆಲ್ಮಾದಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಲಾಠಿ, ನಾಯಿ, ನೀರಿನ ಪೈಪುಗಳ ಮುಂದೆ ನಿಂತದ್ದರಿಂದ ಬಂದ ಗಾಳಿ ಅದು. ನಿಮ್ಮ ಮಗ ಹತ್ತಿದ ವಿಮಾನಕ್ಕೂ ಆ ಹೋರಾಟಕ್ಕೂ ನಂಟಿದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಅಡಿಕೆ ತೋಟಗಳಲ್ಲಿ ದುಡಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಈ ಪಟ್ಟಿಯಿಂದ ಏನು ಲಾಭ ಅಂತ ಕೇಳುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಂಗಡಕ್ಕೆ ಸೇರಿದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಸಾಗುವಳಿ ಮಾಡುತ್ತಿದ್ದರು ಅಂತ ತೋರಿಸಿದರೆ ಸಾಕು. ಬೇರೆಯವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ಯಾರೂ ದಾಖಲೆ ಬರೆದಿಡದ ಜನಕ್ಕೆ ಆ ವ್ಯತ್ಯಾಸ ಅಂದರೆ ಹಕ್ಕುಪತ್ರ ಸಿಗುವುದು ಅಥವಾ ಸಿಗದಿರುವುದು. ಸವಾನ್ನಾದ ಆ 20 ಜನ ಕೇಳಿದ್ದೂ ಇದನ್ನೇ. ಅರ್ಜಿ ಬಾಕಿ ಇರುವ ಸಿದ್ದಿ ಕುಟುಂಬಗಳು ಇನ್ನೂ ಇವೆ. ಅರ್ಜಿ ಬರೆಯಲು, ಗ್ರಾಮಸಭೆಯಲ್ಲಿ ಅವರ ಪರ ನಿಲ್ಲಲು ನಿಮ್ಮಲ್ಲಿ ಯಾರಿಗೆ ಪುರುಸೊತ್ತಿದೆ, ಈಗ ಕೆಳಗೆ ಬಂದು ಹೆಸರು ಕೊಡಿ. ನಾನು ಇಲ್ಲೇ ಇರುತ್ತೇನೆ.